ಅಂಗಡಿಯವನೇ ವಿಮಾನ ಇಟ್ಟಾಗ

ಮಾರುವುದು ಒಬ್ಬರ ಕಸುಬು, ಸಾಗಿಸುವುದು ಮತ್ತೊಬ್ಬರ ಕಸುಬು. ಲೋಕದ ಬಹುಪಾಲು ವ್ಯಾಪಾರ ಹೀಗೆಯೇ ನಡೆದುಬಂದಿದೆ. ಕಿರಾಣಿ ಅಂಗಡಿಯವನು ಲಾರಿ ಇಟ್ಟುಕೊಳ್ಳುವುದಿಲ್ಲ, ಲಾರಿ ಮಾಲೀಕ ಅಂಗಡಿ ತೆರೆಯುವುದಿಲ್ಲ. ಬಾಡಿಗೆ ಎಷ್ಟು, ಮಾಲು ಯಾವಾಗ ತಲುಪುತ್ತದೆ ಎಂಬ ಎರಡು ಪ್ರಶ್ನೆಗಳ ಮೇಲೆ ಇಬ್ಬರೂ ಚೌಕಾಸಿ ಮಾಡುತ್ತಾರೆ, ಜಗಳವಾಡುತ್ತಾರೆ, ಮರುದಿನ ಮತ್ತೆ ಕೂಡಿ ಕೆಲಸ ಮಾಡುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ನಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಈ ಹಳೆಯ ಕಟ್ಟಳೆಯನ್ನು ಅಮೆರಿಕದ ಅಮೆಜಾನ್ ಕಂಪನಿ 2015ರಿಂದೀಚೆಗೆ ಮುರಿದಿದೆ. ಪುಸ್ತಕದಿಂದ ಹಿಡಿದು ಪಾತ್ರೆ ಪಗಡಗಳವರೆಗೆ ಎಲ್ಲವನ್ನೂ ಅಂತರ್ಜಾಲದ ಮೂಲಕ ಮಾರುವ ಈ ಅಂಗಡಿ, ಹತ್ತು ವರ್ಷಗಳೊಳಗೆ ನೂರರ ಆಸುಪಾಸಿನಷ್ಟು ವಿಮಾನಗಳ ಸರಕು ಸಾಗಣೆ ಜಾಲವನ್ನು ಕಟ್ಟಿಕೊಂಡಿತು. ಅಂಗಡಿಗೆ ವಿಮಾನವೇಕೆ? ಬಾಡಿಗೆಗೆ ಸಿಗುವುದನ್ನು ಸ್ವಂತವಾಗಿ ಇಟ್ಟುಕೊಳ್ಳುವ ಹಟವೇಕೆ? ಹಾಗೆ ಇಟ್ಟುಕೊಂಡದ್ದರಿಂದ ಯಾರಿಗೆ ಏನಾಯಿತು? ಇದಕ್ಕೆ ಉತ್ತರ ಹುಡುಕಬೇಕಾದರೆ ಒಂದು ಶತಮಾನ ಹಿಂದಕ್ಕೆ, ಅಮೆಜಾನ್ ನೆಲೆ ನಿಂತ ಸಿಯಾಟಲ್ ನಗರಕ್ಕೇ ಹೋಗಬೇಕಾಗುತ್ತದೆ.

ಗಾಡಿ ಬಿಟ್ಟುಕೊಟ್ಟ ಅಂಗಡಿಗಳು

1907ರಲ್ಲಿ ಸಿಯಾಟಲ್‌ನಲ್ಲಿ ಜಿಮ್ ಕೇಸಿ ಎಂಬ 19 ವರ್ಷದ ಹುಡುಗ, ಗೆಳೆಯ ಕ್ಲಾಡ್ ರಯಾನ್ ಜೊತೆ ಸೇರಿ 100 ಡಾಲರ್ ಸಾಲ ತಂದು ಒಂದು ಪುಟ್ಟ ಕಂಪನಿ ತೆರೆದ. ಹೆಸರು ಅಮೆರಿಕನ್ ಮೆಸೆಂಜರ್ ಕಂಪನಿ. ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಹುಡುಗರು ಊರೆಲ್ಲ ಓಡಾಡಿ ಚೀಟಿ, ಸಂದೇಶ, ಸಣ್ಣಪುಟ್ಟ ಸಾಮಾನುಗಳನ್ನು ಮುಟ್ಟಿಸುತ್ತಿದ್ದರು. ಮನೆಮನೆಗೆ ಟೆಲಿಫೋನ್ ಬರತೊಡಗಿದಂತೆ ಸಂದೇಶ ಒಯ್ಯುವ ಕೆಲಸ ಇಳಿಯಿತು. ಆಗ ಕೇಸಿಯ ಕಣ್ಣು ಬಿದ್ದದ್ದು ನಗರದ ದೊಡ್ಡ ಅಂಗಡಿಗಳ ಮೇಲೆ.

ಆ ಕಾಲದ ದೊಡ್ಡ ಅಂಗಡಿಗಳು ಗಿರಾಕಿ ಕೊಂಡ ವಸ್ತುವನ್ನು ತಾವೇ ಮನೆಗೆ ತಲುಪಿಸುತ್ತಿದ್ದವು. ಅದಕ್ಕಾಗಿ ಪ್ರತಿ ಅಂಗಡಿಗೂ ಬೇರೆ ಗಾಡಿ, ಬೇರೆ ಆಳು. ಒಂದೇ ಬೀದಿಯಲ್ಲಿ ನಾಲ್ಕು ಅಂಗಡಿಗಳ ನಾಲ್ಕು ಗಾಡಿಗಳು ಅರ್ಧಂಬರ್ಧ ತುಂಬಿಕೊಂಡು ತಿರುಗುವುದು ದಂಡವಲ್ಲವೆ? ಎಲ್ಲರ ಪೊಟ್ಟಣಗಳನ್ನೂ ಒಂದೇ ಗಾಡಿಯಲ್ಲಿ ಹೇರಿದರೆ ಎಲ್ಲರಿಗೂ ಖರ್ಚು ಕಡಿಮೆ. 1913ರಲ್ಲಿ ಇನ್ನೊಂದು ಕಂಪನಿಯ ಜೊತೆ ಕೂಡಿದ ಕೇಸಿಯ ಸಂಸ್ಥೆ ಮರ್ಚೆಂಟ್ಸ್ ಪಾರ್ಸೆಲ್ ಡೆಲಿವರಿ ಎಂದು ಹೆಸರು ಬದಲಿಸಿಕೊಂಡು ಇದೇ ಕೆಲಸಕ್ಕೆ ನಿಂತಿತು. 1919ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ಗೂ ಕಾಲಿಟ್ಟು ಯುನೈಟೆಡ್ ಪಾರ್ಸೆಲ್ ಸರ್ವಿಸ್, ಅಂದರೆ ಇಂದಿನ ಯುಪಿಎಸ್ ಆಯಿತು. ಒಂದೊಂದಾಗಿ ದೊಡ್ಡ ಅಂಗಡಿಗಳು ತಮ್ಮ ಗಾಡಿಗಳನ್ನು ಬಿಟ್ಟು ಬಟವಾಡೆಯನ್ನು ಅದರ ಕೈಗೊಪ್ಪಿಸಿದವು.

ಅದೇ ಸುಮಾರಿಗೆ, 1913ರ ಜನವರಿ 1ರಂದು, ಅಮೆರಿಕದ ಅಂಚೆ ಇಲಾಖೆ ಪಾರ್ಸೆಲ್ ಸೇವೆ ಆರಂಭಿಸಿತು. ಹಳ್ಳಿಗಾಡಿನ ರೈತನೂ ದಪ್ಪ ಕ್ಯಾಟಲಾಗ್ ತಿರುವಿಹಾಕಿ ಬಟ್ಟೆ, ಹೊಲಿಗೆ ಯಂತ್ರ, ಔಷಧಿ ತರಿಸಿಕೊಳ್ಳುವಂತಾಯಿತು. ಷಿಕಾಗೋದ ಸಿಯರ್ಸ್ ಕಂಪನಿ ಬೆಳೆದದ್ದು ಇದರಿಂದ. ಅಮೆರಿಕದ ಮೂಲೆಮೂಲೆಗೂ ಮಾಲು ಕಳಿಸಿದ ಸಿಯರ್ಸ್, ರೈಲನ್ನೂ ಅಂಚೆಯನ್ನೂ ನಂಬಿ ವ್ಯಾಪಾರ ಮಾಡಿತು. ಆ ದಾರಿಗಳು ಎಲ್ಲರವೂ ಆಗಿದ್ದವು. ಸಿಯರ್ಸ್‌ನ ಪೊಟ್ಟಣವನ್ನೂ ಅದರ ಎದುರಾಳಿ ಮಾಂಟ್ಗೊಮೆರಿ ವಾರ್ಡ್‌ನ ಪೊಟ್ಟಣವನ್ನೂ ಅಂಚೆಯವನು ಒಂದೇ ಚೀಲದಲ್ಲಿ ಹೊರುತ್ತಿದ್ದ.

ಇದಕ್ಕೆ ಅಪವಾದಗಳೂ ಇದ್ದವು. ಮಧ್ಯ ಅಮೆರಿಕದಿಂದ ಬಾಳೆಹಣ್ಣು ತರಿಸುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿ ಬಿಳಿ ಬಣ್ಣ ಬಳಿದ ಸ್ವಂತ ಹಡಗುಗಳ ದಂಡನ್ನೇ ಇಟ್ಟಿತ್ತು. ಕಾರಣ ಸರಳ. ಬಾಳೆಹಣ್ಣು ಕಾಯುವುದಿಲ್ಲ, ಹಡಗು ನಾಲ್ಕು ದಿನ ತಡವಾದರೆ ಬಂಡವಾಳವೇ ಕೊಳೆಯುತ್ತದೆ. ತಡವಾದರೆ ಸಹಿಸಬಹುದಾದ ಮಾಲಿಗೆ ಬಾಡಿಗೆ ಗಾಡಿ ಸಾಕು. ತಡವನ್ನು ಸಹಿಸದ ಮಾಲಿನ ವ್ಯಾಪಾರಿ ಮಾತ್ರ ದಾರಿಯನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳಲು ನೋಡುತ್ತಾನೆ. ಮುಂದಿನ ಕಥೆಗೆ ಈ ಮಾತು ಬೀಗದ ಕೈ ಇದ್ದಂತೆ.

ರಾತ್ರಿ ಎಚ್ಚರವಿರುವ ಊರುಗಳು

ಪಾರ್ಸೆಲ್ ವ್ಯಾಪಾರಕ್ಕೆ ರೆಕ್ಕೆ ಮೂಡಿದ್ದು 1973ರಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದಿದ್ದ ಫ್ರೆಡ್ ಸ್ಮಿತ್, ಫೆಡರಲ್ ಎಕ್ಸ್‌ಪ್ರೆಸ್ ಎಂಬ ಕಂಪನಿ ಕಟ್ಟಿ, ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರವನ್ನು ಕೇಂದ್ರ ಮಾಡಿಕೊಂಡ. ಏಪ್ರಿಲ್ 17ರ ಮೊದಲ ರಾತ್ರಿ 14 ಚಿಕ್ಕ ವಿಮಾನಗಳು 25 ನಗರಗಳಿಗೆ ಸಾಗಿಸಿದ್ದು ಬರೀ 186 ಪೊಟ್ಟಣಗಳನ್ನು.

ಸ್ಮಿತ್‌ನ ಯೋಚನೆ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ನೆರೆಯ ಎರಡು ಊರುಗಳ ನಡುವಿನ ಪೊಟ್ಟಣವೂ ಮೊದಲು ಮೆಂಫಿಸ್‌ಗೆ ಹೋಗಿ ಅಲ್ಲಿಂದ ತಿರುಗಿ ಬರಬೇಕು. ಗಾಡಿಚಕ್ರದ ಕಡ್ಡಿಗಳೆಲ್ಲ ನಡುವಿನ ಗುಂಬಕ್ಕೆ ಬಂದು ಸೇರುವ ಹಾಗೆ, ಸಂಜೆ ಎಲ್ಲ ಊರುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಒಂದೇ ಕಡೆ ಇಳಿಯುತ್ತವೆ. ಎರಡು ಮೂರು ಗಂಟೆಗಳಲ್ಲಿ ಪೊಟ್ಟಣಗಳನ್ನು ವಿಂಗಡಿಸಿ, ಬೆಳಗಾಗುವ ಮೊದಲು ವಿಮಾನಗಳು ತಂತಮ್ಮ ಊರಿಗೆ ಹಾರುತ್ತವೆ. ನೂರು ಊರುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು ಸಾವಿರಾರು ಹಾರಾಟಗಳು ಬೇಕು. ಗುಂಬದ ಮೂಲಕ ಜೋಡಿಸಿದರೆ ಕೆಲವೇ ನೂರು ಸಾಕು. 1977ರಲ್ಲಿ ಅಮೆರಿಕ ಸರ್ಕಾರ ವಿಮಾನ ಸರಕು ಸಾಗಣೆಯ ಮೇಲಿನ ನಿರ್ಬಂಧಗಳನ್ನು ತೆಗೆದ ಮೇಲೆ ದೊಡ್ಡ ಜೆಟ್ ವಿಮಾನಗಳು ಈ ಕೆಲಸಕ್ಕಿಳಿದವು. ಯುಪಿಎಸ್ ಕೂಡ 1988ರಲ್ಲಿ ಸ್ವಂತ ವಿಮಾನ ಸಂಸ್ಥೆ ಆರಂಭಿಸಿ ಕೆಂಟಕಿಯ ಲೂಯಿವಿಲ್ ನಗರವನ್ನು ಕೇಂದ್ರ ಮಾಡಿಕೊಂಡಿತು.

ಈ ಸ್ಪರ್ಧೆಯಲ್ಲಿ ಮೂರನೆಯವನಾಗಿ ಇದ್ದದ್ದು ಏರ್‌ಬೋರ್ನ್. 1946ರಲ್ಲಿ ಹವಾಯಿ ದ್ವೀಪಗಳಿಂದ ಅಮೆರಿಕದ ಮುಖ್ಯ ನೆಲಕ್ಕೆ ತಾಜಾ ಹೂವುಗಳನ್ನು ಹಾರಿಸಿ ತರಲು ಹುಟ್ಟಿದ ಸಂಘವೇ ಬೆಳೆದು ಈ ಕಂಪನಿಯಾಗಿತ್ತು. ಓಹಾಯೊ ರಾಜ್ಯದ ವಿಲ್ಮಿಂಗ್ಟನ್ ಎಂಬ ಊರಿನಲ್ಲಿ ವಾಯುಪಡೆ ಬಿಟ್ಟುಹೋಗಿದ್ದ ನೆಲೆಯೊಂದನ್ನು ಏರ್‌ಬೋರ್ನ್ 1980ರಲ್ಲಿ ಪಡೆದು ತನ್ನದೇ ವಿಮಾನ ನಿಲ್ದಾಣ ಮಾಡಿಕೊಂಡಿತು. ಸುಮಾರು 12,000 ಜನರ ಪುಟ್ಟ ಊರು ರಾತ್ರಿಯಿಡೀ ಎಚ್ಚರವಾಗಿರಲು ಕಲಿಯಿತು. ಸುತ್ತಲ ತಾಲ್ಲೂಕುಗಳ ರೈತರ ಮಕ್ಕಳು, ಗೃಹಿಣಿಯರು, ವಿದ್ಯಾರ್ಥಿಗಳು ರಾತ್ರಿ ಪಾಳಿಯಲ್ಲಿ ಪೊಟ್ಟಣ ವಿಂಗಡಿಸಿ ಸಂಸಾರ ತೂಗಿಸಿದರು.

2003ರಲ್ಲಿ ಡಿಎಚ್ಎಲ್ ಎಂಬ ಜರ್ಮನ್ ಒಡೆತನದ ಕಂಪನಿ ಏರ್‌ಬೋರ್ನ್‌ನ ನೆಲದ ವ್ಯವಹಾರವನ್ನು ಕೊಂಡಿತು. ಐದೇ ವರ್ಷಗಳಲ್ಲಿ, 2008ರ ನವೆಂಬರ್‌ನಲ್ಲಿ, ಅಮೆರಿಕದ ಒಳಗಿನ ಪಾರ್ಸೆಲ್ ವ್ಯಾಪಾರದಿಂದ ತಾನು ಹೊರಬರುವುದಾಗಿ ಘೋಷಿಸಿತು. ವಿಲ್ಮಿಂಗ್ಟನ್‌ನ ವಿಮಾನ ನಿಲ್ದಾಣದಲ್ಲಿ ದುಡಿಯುತ್ತಿದ್ದ ಏಳು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. 12,000 ಜನರ ಊರಿನಲ್ಲಿ ಈ ಸಂಖ್ಯೆಯ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಓಡುದಾರಿ ಇತ್ತು, ವಿಂಗಡಣೆಯ ಶೆಡ್ಡುಗಳಿದ್ದವು, ನುರಿತ ಪೈಲಟ್‌ಗಳೂ ಮೆಕ್ಯಾನಿಕ್‌ಗಳೂ ಇದ್ದರು. ಮಾಲು ಮಾತ್ರ ಇರಲಿಲ್ಲ.

ಎರಡು ದಿನದ ಮಾತು

ಮಾಲು ಇದ್ದದ್ದು ಸಿಯಾಟಲ್‌ನಲ್ಲಿ. ಜೆಫ್ ಬೆಜೋಸ್ 1994ರಲ್ಲಿ ಸ್ಥಾಪಿಸಿದ ಅಮೆಜಾನ್, 1995ರಿಂದ ಪುಸ್ತಕ ಮಾರತೊಡಗಿತು. ಶುರುವಿನ ದಿನಗಳಲ್ಲಿ ಕೂಲಿಯಾಳಿನಂತೆ ನೆಲದ ಮೇಲೆ ಕುಳಿತು ಪೊಟ್ಟಣ ಕಟ್ಟಿ, ತಾನೇ ಕಾರಿನಲ್ಲಿ ಅಂಚೆ ಕಚೇರಿಗೆ ಒಯ್ಯುತ್ತಿದ್ದುದನ್ನು ಬೆಜೋಸ್ ಹಲವು ಬಾರಿ ಹೇಳಿಕೊಂಡಿದ್ದಾರೆ. ಸಿಯರ್ಸ್ ತನ್ನ ಪ್ರಸಿದ್ಧ ದೊಡ್ಡ ಕ್ಯಾಟಲಾಗನ್ನು ನಿಲ್ಲಿಸಿದ್ದು 1993ರಲ್ಲಿ. ಅದರ ಮರುವರ್ಷವೇ ಅಮೆಜಾನ್ ಹುಟ್ಟಿತು. ಹೊಸ ಅಂಗಡಿಯೂ ಹಳೆಯದರಂತೆ ಅಂಚೆಯನ್ನೂ ಯುಪಿಎಸ್, ಫೆಡ್‌ಎಕ್ಸ್‌ಗಳನ್ನೂ ನಂಬಿ ಬೆಳೆಯಿತು.

ವ್ಯತ್ಯಾಸ ಬಂದದ್ದು 2005ರ ಫೆಬ್ರವರಿಯಲ್ಲಿ. ವರ್ಷಕ್ಕೆ 79 ಡಾಲರ್ ಕಟ್ಟಿ 'ಪ್ರೈಮ್' ಸದಸ್ಯರಾದವರಿಗೆ, ಕೊಂಡ ವಸ್ತುವನ್ನು ಬೇರೆ ಸಾಗಣೆ ವೆಚ್ಚವಿಲ್ಲದೆ ಎರಡು ದಿನಗಳಲ್ಲಿ ತಲುಪಿಸುವುದಾಗಿ ಅಮೆಜಾನ್ ಮಾತು ಕೊಟ್ಟಿತು. ಸಿಯರ್ಸ್ ಗಿರಾಕಿಗೆ ವಸ್ತುವಿನ ಗುಣದ ಬಗ್ಗೆ ಮಾತು ಕೊಟ್ಟಿತ್ತು. ಅಮೆಜಾನ್ ಕೊಟ್ಟದ್ದು ತಾರೀಖಿನ ಬಗ್ಗೆ. ಸದಸ್ಯರು ಹಣ ಕೊಟ್ಟದ್ದೇ ಆ ತಾರೀಖಿಗಾಗಿ. ಹೀಗೆ ಪುಸ್ತಕ, ಪಾದರಕ್ಷೆ, ಬೆಡ್‌ಶೀಟುಗಳೂ ಬಾಳೆಹಣ್ಣಿನ ಜಾತಿಗೆ ಸೇರಿದವು. ವಸ್ತು ಕೆಡುತ್ತಿರಲಿಲ್ಲ, ತಡವಾದರೆ ಮಾತು ಕೆಡುತ್ತಿತ್ತು.

ಆದರೆ ಆ ಮಾತನ್ನು ಉಳಿಸುವವರು ಬೇರೆಯವರು. ಇದರ ಅಪಾಯ ಬಯಲಾದದ್ದು 2013ರ ಕ್ರಿಸ್ಮಸ್ ವೇಳೆ. ಹಬ್ಬದ ಹಿಂದಿನ ಕೊನೆಯ ದಿನಗಳಲ್ಲಿ ಅಂತರ್ಜಾಲದ ಖರೀದಿ ಯಾರ ಅಂದಾಜಿಗೂ ಮೀರಿ ಏರಿತು, ಹವಾಮಾನವೂ ಕೈಕೊಟ್ಟಿತು. ಯುಪಿಎಸ್‌ನ ವಿಮಾನ ಜಾಲಕ್ಕೆ ಹೊರೆ ತಾಳಲಿಲ್ಲ. ಉಡುಗೊರೆಗಳ ಎಷ್ಟೋ ಪೊಟ್ಟಣಗಳು ಡಿಸೆಂಬರ್ 25 ಕಳೆದ ಮೇಲೆ ಮನೆ ತಲುಪಿದವು. ಮಗುವಿಗೆ ಹಬ್ಬದ ಮಾರನೆಯ ದಿನ ಸಿಕ್ಕುವ ಉಡುಗೊರೆ, ದೀಪಾವಳಿ ಮುಗಿದ ಮೇಲೆ ಬರುವ ಪಟಾಕಿ ಇದ್ದಂತೆ. ಜನ ಬೈದದ್ದು ವಿಮಾನದವರನ್ನಷ್ಟೇ ಅಲ್ಲ, ಅಂಗಡಿಯವರನ್ನು ಕೂಡ. ತೊಂದರೆಗೊಳಗಾದ ಗಿರಾಕಿಗಳಿಗೆ ಅಮೆಜಾನ್ ಸಾಗಣೆ ವೆಚ್ಚವನ್ನು ಹಿಂದಿರುಗಿಸಿ, ಜೊತೆಗೆ 20 ಡಾಲರಿನ ಉಡುಗೊರೆ ಕಾರ್ಡನ್ನೂ ಕೊಟ್ಟಿತು.

ಇಲ್ಲಿ ಯುಪಿಎಸ್‌ನ ಕಷ್ಟವನ್ನೂ ಅರ್ಥ ಮಾಡಿಕೊಳ್ಳಬೇಕು. ವರ್ಷದಲ್ಲಿ ಹತ್ತು ದಿನ ಮಾತ್ರ ಬರುವ ನೂಕುನುಗ್ಗಲಿಗಾಗಿ ವಿಮಾನ ಕೊಂಡು ಉಳಿದ ದಿನ ನಿಲ್ಲಿಸಿಕೊಳ್ಳಲು ಯಾವ ಸಾಗಣೆದಾರನೂ ಒಪ್ಪಲಾರ. ಜಾತ್ರೆಯ ಜನಕ್ಕೆ ತಕ್ಕಂತೆ ಯಾರೂ ಖಾಯಂ ಬಸ್ಸು ಇಡುವುದಿಲ್ಲ. ಅಂಗಡಿಯ ಲೆಕ್ಕ ಬೇರೆ: ಅದರ ಇಡೀ ವರ್ಷದ ಹೆಸರು ನಿಂತಿರುವುದೇ ಆ ಹತ್ತು ದಿನಗಳ ಮೇಲೆ. ಎರಡೂ ಲೆಕ್ಕಗಳು ಸರಿಯೇ. ಒಂದಕ್ಕೊಂದು ಕೂಡುವುದಿಲ್ಲ, ಅಷ್ಟೆ.

ಮತ್ತೆ ಹೊತ್ತಿದ ದೀಪ

2015ರ ಸೆಪ್ಟೆಂಬರ್ ವೇಳೆಗೆ ವಿಲ್ಮಿಂಗ್ಟನ್‌ನ ಓಡುದಾರಿಯಲ್ಲಿ ಮತ್ತೆ ರಾತ್ರಿ ದೀಪಗಳು ಹೊತ್ತಿಕೊಂಡವು. ಏರ್‌ಬೋರ್ನ್‌ನ ಹಳೆಯ ವಿಮಾನ ವಿಭಾಗವಾಗಿದ್ದ ಎಬಿಎಕ್ಸ್ ಈಗ ಏರ್ ಟ್ರಾನ್ಸ್‌ಪೋರ್ಟ್ ಸರ್ವಿಸಸ್ ಗ್ರೂಪ್ ಅಥವಾ ಎಟಿಎಸ್‌ಜಿ ಎಂಬ ಸಂಸ್ಥೆಯ ಭಾಗವಾಗಿತ್ತು. ಆ ಸಂಸ್ಥೆಯ ಬೋಯಿಂಗ್ 767 ವಿಮಾನಗಳು ಯಾರೋ ಹೆಸರು ಹೇಳದ ಗಿರಾಕಿಗಾಗಿ ಹಾರತೊಡಗಿದವು. ಒಳಗಿನವರು ಇದಕ್ಕೆ ಕೊಟ್ಟ ಗುಪ್ತನಾಮ 'ಏರೋಸ್ಮಿತ್'. ಗಿರಾಕಿ ಅಮೆಜಾನ್ ಎಂಬ ಗುಟ್ಟು ಬಹಳ ದಿನ ಉಳಿಯಲಿಲ್ಲ.

2016ರ ಮಾರ್ಚಿನಲ್ಲಿ ಅಮೆಜಾನ್ ಈ ಸಂಸ್ಥೆಯಿಂದ 20 ವಿಮಾನಗಳನ್ನು ಗುತ್ತಿಗೆಗೆ ಪಡೆಯುವುದಾಗಿ ಬಹಿರಂಗವಾಗಿ ಪ್ರಕಟಿಸಿತು. ಮೇ ತಿಂಗಳಲ್ಲಿ ಅಟ್ಲಾಸ್ ಏರ್ ಜೊತೆ ಇನ್ನೂ 20 ವಿಮಾನಗಳ ಒಪ್ಪಂದವಾಯಿತು. ಎರಡೂ ಒಪ್ಪಂದಗಳಲ್ಲಿ ಒಂದು ಜಾಣತನದ ಕರಾರಿತ್ತು. ಮುಂದಿನ ವರ್ಷಗಳಲ್ಲಿ ಈ ಸಂಸ್ಥೆಗಳ ಷೇರುಗಳನ್ನು ಮೊದಲೇ ಗೊತ್ತು ಮಾಡಿದ ಬೆಲೆಗೆ ಕೊಳ್ಳುವ ಹಕ್ಕು ಅಮೆಜಾನ್‌ಗೆ ಇತ್ತು. ಅಮೆಜಾನ್ ಕೆಲಸ ಕೊಟ್ಟಷ್ಟೂ ಆ ಸಂಸ್ಥೆಗಳ ಷೇರಿನ ಬೆಲೆ ಏರುತ್ತದೆ. ಏರಿದಷ್ಟೂ ಹಳೆಯ ಬೆಲೆಗೆ ಕೊಳ್ಳುವ ಹಕ್ಕಿನ ಮೌಲ್ಯ ಹೆಚ್ಚುತ್ತದೆ. ಬಾಡಿಗೆ ಕೊಡುತ್ತಲೇ ಗಾಡಿಯವನ ಲಾಭದಲ್ಲೂ ಪಾಲು ಪಡೆಯುವ ಉಪಾಯ ಇದು. 2021ರಲ್ಲಿ ಈ ಹಕ್ಕನ್ನು ಬಳಸಿಕೊಂಡ ಅಮೆಜಾನ್, ಎಟಿಎಸ್‌ಜಿಯ ಸುಮಾರು ಐದನೇ ಒಂದು ಪಾಲಿಗೆ ಒಡೆಯನಾಯಿತು. 2025ರಲ್ಲಿ ಸ್ಟೋನ್‌ಪೀಕ್ ಎಂಬ ಹೂಡಿಕೆ ಸಂಸ್ಥೆ ಎಟಿಎಸ್‌ಜಿಯನ್ನು ಪೂರ್ತಿಯಾಗಿ ಕೊಂಡಿತು.

2016ರ ಆಗಸ್ಟ್‌ನಲ್ಲಿ ಸಿಯಾಟಲ್‌ನ ವಿಮಾನ ಪ್ರದರ್ಶನದಲ್ಲಿ ಅಂಗಡಿಯ ಹೆಸರು ಬರೆದ ಮೊದಲ ವಿಮಾನವನ್ನು ಜನ ನೋಡಿದರು. ಮೊದಲು 'ಪ್ರೈಮ್ ಏರ್' ಎಂದಿದ್ದ ಹೆಸರು, ಡ್ರೋನ್ ಯೋಜನೆಯ ಹೆಸರಿನೊಂದಿಗೆ ಗೊಂದಲವಾಗಬಾರದೆಂದು 2017ರಲ್ಲಿ 'ಅಮೆಜಾನ್ ಏರ್' ಆಯಿತು.

ಬೋಯಿಂಗ್ 767 ವಿಮಾನವೇ ಏಕೆ? ಹಲವು ವರ್ಷ ಪ್ರಯಾಣಿಕರನ್ನು ಹೊತ್ತು ಹಳತಾದ 767ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳ ಸೀಟು ಕಿತ್ತು, ನೆಲ ಗಟ್ಟಿಗೊಳಿಸಿ, ಕಿಟಕಿ ಮುಚ್ಚಿ, ಮುಂಭಾಗದ ಎಡಮಗ್ಗುಲಲ್ಲಿ ದೊಡ್ಡ ಬಾಗಿಲು ಕೊರೆದರೆ ಸರಕು ವಿಮಾನ ಸಿದ್ಧ. ಅಂತರ್ಜಾಲ ಅಂಗಡಿಯ ಪೊಟ್ಟಣಗಳು ಹತ್ತಿಯ ಅಂಡಿಗೆಯಂತೆ: ಜಾಗ ಹಿಡಿಯುವುದು ಹೆಚ್ಚು, ತೂಗುವುದು ಕಡಿಮೆ. ಆದ್ದರಿಂದ ಭಾರ ಹೊರುವ ಶಕ್ತಿಗಿಂತ ಒಳಗಿನ ವಿಶಾಲತೆ ಮುಖ್ಯ. 2021ರ ಜನವರಿಯಲ್ಲಿ ಅಮೆಜಾನ್ ಮೊದಲ ಬಾರಿಗೆ ವಿಮಾನಗಳನ್ನು ಸ್ವಂತಕ್ಕೆ ಕೊಂಡಿತು. ಡೆಲ್ಟಾ ಸಂಸ್ಥೆಯಿಂದ 7, ಕೆನಡಾದ ವೆಸ್ಟ್‌ಜೆಟ್‌ನಿಂದ 4, ಒಟ್ಟು 11 ಹಳೆಯ 767ಗಳು. ಕೋವಿಡ್ ಪಿಡುಗಿನಿಂದ ಪ್ರಯಾಣಿಕರಿಲ್ಲದೆ ವಿಮಾನಗಳು ನಿಂತಿದ್ದ ಕಾಲ ಅದು. ಮನೆಯಲ್ಲೇ ಕುಳಿತ ಜನ ಎಲ್ಲವನ್ನೂ ತರಿಸಿಕೊಳ್ಳುತ್ತಿದ್ದ ಕಾಲವೂ ಹೌದು.

ಈ ಜಾಲ ಫೆಡ್‌ಎಕ್ಸ್‌ನ ನಕಲಲ್ಲ ಎಂಬುದನ್ನು ಗಮನಿಸಬೇಕು. ಫೆಡ್‌ಎಕ್ಸ್‌ಗೆ ನಾಳೆ ಯಾರು ಏನನ್ನು ಎಲ್ಲಿಗೆ ಕಳಿಸುತ್ತಾರೆಂದು ಗೊತ್ತಿರುವುದಿಲ್ಲ. ಅಂಗಡಿಗೆ ಗೊತ್ತಿರುತ್ತದೆ, ಅಥವಾ ಹೆಚ್ಚುಕಡಿಮೆ ಸರಿಯಾಗಿ ಊಹಿಸಬಲ್ಲದು. ಹೀಗಾಗಿ ಗಿರಾಕಿ ಕೇಳುವ ಮೊದಲೇ ವಸ್ತುವನ್ನು ಅವನ ಊರಿನ ಹತ್ತಿರದ ಗೋದಾಮಿಗೆ ಸರಿಸಿಡುವ ಕೆಲಸವನ್ನೂ ಈ ವಿಮಾನಗಳು ಮಾಡುತ್ತವೆ. ಗೋದಾಮಿನಿಂದ ಗೋದಾಮಿಗೆ, ಹಗಲಿನಲ್ಲೂ ಹಾರುತ್ತವೆ. ಇಷ್ಟಾದ ಮೇಲೆ ಎರಡು ದಿನದ ಮಾತೂ ಹಳತಾಯಿತು. 2019ರ ಏಪ್ರಿಲ್‌ನಲ್ಲಿ ಪ್ರೈಮ್ ಸದಸ್ಯರಿಗೆ ಒಂದೇ ದಿನದಲ್ಲಿ ತಲುಪಿಸುವತ್ತ ಸಾಗುವುದಾಗಿ ಅಮೆಜಾನ್ ಪ್ರಕಟಿಸಿತು.

ದಾರಿಯ ಬದಿಯ ಜನ

ದಾರಿ ಬದಲಾದಾಗ ದಾರಿ ನಂಬಿದವರ ಬದುಕೂ ಬದಲಾಗುತ್ತದೆ. ವಿಲ್ಮಿಂಗ್ಟನ್‌ನ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 2017ರ ಜನವರಿಯಲ್ಲಿ ಅಮೆಜಾನ್ ತನ್ನ ಮುಖ್ಯ ಕೇಂದ್ರವನ್ನು ಸಿನ್ಸಿನಾಟಿ ವಿಮಾನ ನಿಲ್ದಾಣದಲ್ಲಿ 150 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟುವುದಾಗಿ ಘೋಷಿಸಿತು. ಸಿನ್ಸಿನಾಟಿ ಓಹಾಯೊದಲ್ಲಿದ್ದರೂ ಅದರ ವಿಮಾನ ನಿಲ್ದಾಣ ಇರುವುದು ನದಿಯಾಚೆಯ ಕೆಂಟಕಿ ರಾಜ್ಯದಲ್ಲಿ. ಹಾಗಾಗಿ ಕೆಲಸವೂ ರಾಜ್ಯದ ಗಡಿ ದಾಟಿತು. ವಿಲ್ಮಿಂಗ್ಟನ್‌ನಿಂದ ಅಮೆಜಾನ್ ವಿಮಾನಗಳು ಹೊರಟುಹೋದವು. 2019ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಮತ್ತೆ ಬಂದವು. ಸಿನ್ಸಿನಾಟಿಯ ಕೇಂದ್ರ 2021ರ ಆಗಸ್ಟ್‌ನಲ್ಲಿ ತೆರೆಯಿತು. ನಲವತ್ತು ವರ್ಷಗಳಲ್ಲಿ ಏರ್‌ಬೋರ್ನ್, ಡಿಎಚ್ಎಲ್, ಅಮೆಜಾನ್, ಹೀಗೆ ಮೂರು ಹೆಸರುಗಳು ಒಂದು ಊರಿಗೆ ಕೆಲಸ ತಂದವು, ಒಯ್ದವು. ಬರುವಾಗಲೂ ಹೋಗುವಾಗಲೂ ಊರನ್ನು ಕೇಳಿದವರಿಲ್ಲ.

ಎಲ್ಲ ಊರುಗಳೂ ಹೀಗೆ ಕಾದು ಕುಳಿತವು ಎನ್ನುವಂತಿಲ್ಲ. ನ್ಯೂಯಾರ್ಕ್ ಪಕ್ಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಅಮೆಜಾನ್ ಕಟ್ಟಬೇಕೆಂದಿದ್ದ ಸರಕು ಕೇಂದ್ರವನ್ನು ಅಲ್ಲಿನ ಕಾರ್ಮಿಕ ಸಂಘಗಳೂ ಸುತ್ತಲ ನಿವಾಸಿಗಳ ಸಂಘಟನೆಗಳೂ ವಿರೋಧಿಸಿದವು. ಲಾರಿಗಳ ಹೊಗೆ, ಕೆಲಸದ ಗುಣಮಟ್ಟ ಅವರ ಚಿಂತೆಯಾಗಿತ್ತು. 2022ರ ಜುಲೈನಲ್ಲಿ ಮಾತುಕತೆ ಮುರಿದುಬಿತ್ತು.

ಇನ್ನು ವಿಮಾನ ಹಾರಿಸುವವರ ಸಂಗತಿ. ವಿಮಾನದ ಮೇಲಿನ ಹೆಸರು ಅಮೆಜಾನ್‌ನದು, ಒಳಗಿನ ಮಾಲು ಅಮೆಜಾನ್‌ನದು. ಪೈಲಟ್ ಮಾತ್ರ ಅಮೆಜಾನ್‌ನ ನೌಕರನಲ್ಲ. ಗುತ್ತಿಗೆ ಸಂಸ್ಥೆಗಳು ಅವನ ಸಂಬಳ, ಪಾಳಿ, ರಜೆಗಳನ್ನು ನಿರ್ಧರಿಸುತ್ತವೆ. 2016ರ ನವೆಂಬರ್‌ನಲ್ಲಿ, ಹಬ್ಬದ ಮಾರಾಟದ ಹೊಸ್ತಿಲಲ್ಲಿ, ಎಬಿಎಕ್ಸ್‌ನ ಪೈಲಟ್‌ಗಳು ಸಿಬ್ಬಂದಿ ಕೊರತೆಯ ದುಡಿಮೆಯ ವಿರುದ್ಧ ಮುಷ್ಕರ ಹೂಡಿದರು. ಎರಡನೆಯ ದಿನವೇ ನ್ಯಾಯಾಲಯ ಅವರನ್ನು ಕೆಲಸಕ್ಕೆ ಮರಳುವಂತೆ ಆಜ್ಞೆ ಮಾಡಿತು. 2019ರ ಫೆಬ್ರವರಿ 23ರಂದು ಮಯಾಮಿಯಿಂದ ಹ್ಯೂಸ್ಟನ್‌ಗೆ ಅಮೆಜಾನ್ ಸರಕು ಒಯ್ಯುತ್ತಿದ್ದ ಅಟ್ಲಾಸ್‌ನ 767 ವಿಮಾನ ಟೆಕ್ಸಸ್‌ನ ಟ್ರಿನಿಟಿ ಕೊಲ್ಲಿಗೆ ಬಿದ್ದು ಅದರಲ್ಲಿದ್ದ ಮೂವರೂ ಸತ್ತರು. ಸಹ ಪೈಲಟ್‌ನ ತಪ್ಪು ಪ್ರತಿಕ್ರಿಯೆಯೇ ಕಾರಣವೆಂದ ತನಿಖಾ ಮಂಡಳಿ, ಅವನ ಹಿಂದಿನ ತರಬೇತಿಯ ವೈಫಲ್ಯಗಳು ನೇಮಕದ ವೇಳೆ ಬೆಳಕಿಗೆ ಬಾರದೆ ಹೋದದ್ದನ್ನೂ ಎತ್ತಿ ತೋರಿಸಿತು. ಕಾನೂನಿನ ಕಣ್ಣಲ್ಲಿ ಆ ವಿಮಾನದ ಹಾರಾಟದ ಹೊಣೆ ಅಟ್ಲಾಸ್‌ನದು. ಸುದ್ದಿ ಓದಿದ ಜನರ ಬಾಯಲ್ಲಿ ಮಾತ್ರ ಅದು ಅಮೆಜಾನ್ ವಿಮಾನವೇ ಆಗಿತ್ತು.

ಹಳೆಯ ಸಾಗಣೆದಾರರಿಗೂ ಬಿಸಿ ತಟ್ಟಿತು. 2019ರ ಜೂನ್‌ನಲ್ಲಿ ಫೆಡ್‌ಎಕ್ಸ್ ತಾನಾಗಿಯೇ ಅಮೆಜಾನ್‌ನ ವಿಮಾನ ಪಾರ್ಸೆಲ್ ಗುತ್ತಿಗೆಯನ್ನು, ಆಗಸ್ಟ್‌ನಲ್ಲಿ ನೆಲದ ಗುತ್ತಿಗೆಯನ್ನೂ ಬಿಟ್ಟಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ನಡೆದ ಒಂದು ಘಟನೆ ಹೆಚ್ಚು ಅರ್ಥಪೂರ್ಣ. ಅಮೆಜಾನ್‌ನ ಅಂಗಳದಲ್ಲಿ ತಮ್ಮ ಮಾಲು ಮಾರುವ ಸಣ್ಣ ವ್ಯಾಪಾರಿಗಳು, ಪ್ರೈಮ್ ಪೊಟ್ಟಣಗಳಿಗೆ ಫೆಡ್‌ಎಕ್ಸ್‌ನ ನೆಲದ ಸೇವೆಯನ್ನು ಬಳಸಕೂಡದೆಂದು ಅಮೆಜಾನ್ ಅಪ್ಪಣೆ ಮಾಡಿತು. ತಲುಪಿಸುವಲ್ಲಿ ತಡವಾಗುತ್ತಿದೆ ಎಂಬುದು ಅದು ಕೊಟ್ಟ ಕಾರಣ. ಹಬ್ಬ ಕಳೆದು ಜನವರಿಯಲ್ಲಿ ಅಪ್ಪಣೆ ಹಿಂದಕ್ಕೆ ಪಡೆಯಲಾಯಿತು. ಕಾರಣ ಸರಿಯಿರಬಹುದು. ಆದರೆ ಯಾರ ಮಾಲು ಯಾರ ಗಾಡಿಯಲ್ಲಿ ಹೋಗಬೇಕೆಂದು ಹೇಳುವ ಅಧಿಕಾರ ಒಂದು ಅಂಗಡಿಗೆ ಬಂದಿತ್ತೆಂಬುದು ಅಂದು ಎಲ್ಲರಿಗೂ ಕಾಣಿಸಿತು.

ಜಿಮ್ ಕೇಸಿಯ ಯುಪಿಎಸ್ ಇನ್ನೂ ಕೆಲವು ವರ್ಷ ಅಮೆಜಾನ್ ಜೊತೆ ಉಳಿಯಿತು. 2025ರ ಜನವರಿಯಲ್ಲಿ, ತನ್ನ ಅತಿದೊಡ್ಡ ಗಿರಾಕಿಯಾದ ಅಮೆಜಾನ್‌ನ ಕೆಲಸವನ್ನು 2026ರ ದ್ವಿತೀಯಾರ್ಧದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ ಅದು ಪ್ರಕಟಿಸಿತು. ಅದರಲ್ಲಿ ಲಾಭ ಕಡಿಮೆ ಎಂಬುದು ಅದರ ವಿವರಣೆ. ಏಪ್ರಿಲ್‌ನಲ್ಲಿ ಸುಮಾರು 20,000 ಕೆಲಸಗಳನ್ನು ಕಡಿತಗೊಳಿಸುವ ಸುದ್ದಿ ಬಂತು. ಸಿಯಾಟಲ್‌ನ ಅಂಗಡಿಗಳ ಗಾಡಿಗಳನ್ನು ಪಡೆದು ಬೆಳೆದ ಕಂಪನಿ, ಸಿಯಾಟಲ್‌ನದೇ ಇನ್ನೊಂದು ಅಂಗಡಿ ತನ್ನ ಗಾಡಿ ಕಟ್ಟಿಕೊಂಡಾಗ ಕೈಕಾಲು ಮುದುರಿಕೊಳ್ಳಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಫೆಡ್‌ಎಕ್ಸ್ ದೊಡ್ಡ ಗಾತ್ರದ ಪೊಟ್ಟಣಗಳಿಗಾಗಿ ಅಮೆಜಾನ್ ಜೊತೆ ಮತ್ತೆ ಕೈಜೋಡಿಸಿತು. ಹೊರಲು ತ್ರಾಸವಾದದ್ದನ್ನು ಇನ್ನೊಬ್ಬರಿಗೆ ಕೊಡುವ ಅನುಕೂಲ ಈಗ ಅಂಗಡಿಯದು.

ನಮ್ಮ ಆಕಾಶದಲ್ಲಿ

ಭಾರತದಲ್ಲಿ ಇದೇ ಕಥೆಯ ತುಣುಕುಗಳು ಬೇರೆ ಕ್ರಮದಲ್ಲಿ ನಡೆದಿವೆ. ಮುಂಬಯಿಯ ಬ್ಲೂ ಡಾರ್ಟ್ 1996ರಿಂದ ಸ್ವಂತ ಸರಕು ವಿಮಾನಗಳನ್ನು ಹಾರಿಸುತ್ತಿದೆ. ಅದು ಎಲ್ಲರ ಪೊಟ್ಟಣ ಹೊರುವ ಕೊರಿಯರ್. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಏರ್ ಡೆಕ್ಕನ್ ಮೂಲಕ ಸಾಮಾನ್ಯರನ್ನು ವಿಮಾನ ಹತ್ತಿಸಿದ ಮೇಲೆ, 2009ರಲ್ಲಿ ಡೆಕ್ಕನ್ 360 ಎಂಬ ಸರಕು ವಿಮಾನ ಸೇವೆ ಆರಂಭಿಸಿದರು. ದೇಶದ ನಟ್ಟನಡುವಿನ ನಾಗಪುರವೇ ಅದರ ಮೆಂಫಿಸ್. ಎರಡು ವರ್ಷಗಳಲ್ಲಿ ಅದು ನಿಂತುಹೋಯಿತು. ವಿಮಾನ ತುಂಬಿ ಹಾರಿದರೂ ಅರ್ಧ ಖಾಲಿ ಹಾರಿದರೂ ಖರ್ಚು ಹೆಚ್ಚುಕಡಿಮೆ ಒಂದೇ. ಹೊಸ ಸಾಗಣೆದಾರ ಪ್ರತಿ ರಾತ್ರಿ ಮಾಲಿಗಾಗಿ ಕಾಯಬೇಕು. ಅಂಗಡಿಯವನ ವಿಮಾನಕ್ಕೆ ಆ ಕಾಯುವಿಕೆ ಇಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕೂಡ ಪುಸ್ತಕ ಮಾರುತ್ತಲೇ ಆರಂಭವಾದದ್ದು. ಅದರ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಇಬ್ಬರೂ ಹಿಂದೆ ಅಮೆಜಾನ್‌ನಲ್ಲಿ ಕೆಲಸ ಮಾಡಿದವರು. ಕೊರಿಯರ್‌ಗಳನ್ನೇ ನಂಬಿ ಕೂರದೆ 2009ರಲ್ಲೇ ಇಕಾರ್ಟ್ ಎಂಬ ತನ್ನದೇ ಬಟವಾಡೆ ಪಡೆ ಕಟ್ಟಲು ಶುರು ಮಾಡಿತು. ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು 2010ರಲ್ಲಿ ತಂದಾಗ ಆ ಪಡೆಯ ಬೆಲೆ ತಿಳಿಯಿತು. ಇಲ್ಲಿಯೂ ಮಾತು ಉಳಿಸಿಕೊಳ್ಳುವ ಅಗತ್ಯವೇ ಗಾಡಿ ಕಟ್ಟಿಸಿತು. 2023ರ ಜನವರಿ 23ರಂದು ಅಮೆಜಾನ್ ಏರ್ ಹೈದರಾಬಾದಿನಲ್ಲಿ ಭಾರತದ ಸೇವೆಗೆ ಚಾಲನೆ ನೀಡಿತು. ಹೈದರಾಬಾದ್, ಬೆಂಗಳೂರು, ದೆಹಲಿ, ಮುಂಬಯಿಗಳ ನಡುವೆ ಬೋಯಿಂಗ್ 737 ವಿಮಾನದಲ್ಲಿ ಸರಕು ಸಾಗಿಸಲು ಅದು ಗೊತ್ತು ಮಾಡಿಕೊಂಡದ್ದು ಬೆಂಗಳೂರಿನ ಕ್ವಿಕ್‌ಜೆಟ್ ಸಂಸ್ಥೆಯನ್ನು. ಅಮೆರಿಕದ ಪಾಠವೇ ಇಲ್ಲೂ: ಹೆಸರು ಅಂಗಡಿಯದು, ಹಾರಿಸುವ ಪರವಾನಗಿ ಬೇರೆಯವರದು.

ಗಿರಾಕಿಯ ದೃಷ್ಟಿಯಿಂದ ನೋಡಿದರೆ ಇದರಲ್ಲಿ ದೂರುವಂಥದ್ದು ಏನೂ ಕಾಣದು. ಕೊಟ್ಟ ಮಾತು ಉಳಿಸಿಕೊಳ್ಳಲು ಅಂಗಡಿಯವನು ವಿಮಾನವನ್ನೇ ಇಟ್ಟ ಎಂದರೆ ಅದು ಹೊಗಳಬೇಕಾದ ಗುಣವೇ. ಆದರೆ ಕೇಸಿಯ ಹುಡುಗರು ಹೊತ್ತ ಪೊಟ್ಟಣಕ್ಕೂ ಇಂದಿನ 767 ಹೊರುವ ಪೊಟ್ಟಣಕ್ಕೂ ಒಂದು ಅಂತರವಿದೆ. ಅಂದಿನ ಗಾಡಿಗೆ ಎಲ್ಲ ಅಂಗಡಿಗಳೂ ಸಮ. ನಾಳೆ ಹೊಸದಾಗಿ ತೆರೆಯುವ ಸಣ್ಣ ಅಂಗಡಿಯೂ ದೊಡ್ಡ ಅಂಗಡಿಯ ಪಕ್ಕದಲ್ಲೇ ತನ್ನ ಪೊಟ್ಟಣ ಇಟ್ಟು ಕಳಿಸಬಹುದಿತ್ತು. ಎಲ್ಲರ ಗಾಡಿ ಸೊರಗಿ ಅಂಗಡಿಯವನ ಗಾಡಿಯೇ ರಾಜಮಾರ್ಗವಾದಾಗ, ಆ ಸಣ್ಣ ಅಂಗಡಿ ತನ್ನ ಎದುರಾಳಿಗೇ ಬಾಡಿಗೆ ಕಟ್ಟಿ ಮಾಲು ಕಳಿಸಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಅಮೆಜಾನ್ ತನ್ನ ವಿಮಾನಗಳಲ್ಲಿ ಹೊರಗಿನವರ ಸರಕಿಗೂ ಬಾಡಿಗೆಗೆ ಜಾಗ ಕೊಡುತ್ತಿದೆ.

ಪೊಟ್ಟಣ ನಾಳೆಯೇ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದು ಬರುವ ದಾರಿಯಲ್ಲಿ ಇನ್ನೊಬ್ಬನ ಪೊಟ್ಟಣಕ್ಕೆ ಎಷ್ಟು ಜಾಗ, ಎಷ್ಟು ಬಾಡಿಗೆ ಎಂಬುದನ್ನು ಯಾರು ಗೊತ್ತು ಮಾಡಬೇಕು? 1913ರಲ್ಲಿ ಅಮೆರಿಕ ಈ ಪ್ರಶ್ನೆಗೆ ಅಂಚೆ ಇಲಾಖೆಯ ಪಾರ್ಸೆಲ್ ಸೇವೆಯ ರೂಪದಲ್ಲಿ ಒಂದು ಉತ್ತರ ಕೊಟ್ಟಿತ್ತು. ಹೊಸ ಉತ್ತರವನ್ನು ಅಮೆರಿಕವೂ ಹುಡುಕಬೇಕಾಗಿದೆ, ನಾವೂ ಹುಡುಕಬೇಕಾಗಿದೆ.